ಕವಿತೆಗೆ ಸಿಕ್ಕ ಗಮನ ವಿದ್ಯಾರ್ಥಿಯ ಬರಹಕ್ಕೆ ಯಾಕೆ ಸಿಗಲಿಲ್ಲ?

ಸಾಹಿತ್ಯದ ಪಾಠ ಅಂದರೆ ಮೊದಲೆಲ್ಲ ಕವಿಯ ಬದುಕು, ಕಾಲ, ಕೃತಿಗಳ ಪಟ್ಟಿ. ಕವಿ ದೊಡ್ಡವನು ಅಂತ ಮೇಷ್ಟ್ರೇ ಹೇಳಿದ ಮೇಲೆ ವಿದ್ಯಾರ್ಥಿ ಇಲ್ಲ ಅನ್ನೋದುಂಟಾ?

1920ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸುತ್ತಿದ್ದ ಐ.ಎ. ರಿಚರ್ಡ್ಸ್ ಒಂದು ಕೆಲಸ ಮಾಡಿದರು. ಕವಿಯ ಹೆಸರು ತೆಗೆದು ವಿದ್ಯಾರ್ಥಿಗಳಿಗೆ ಬರೀ ಕವಿತೆ ಹಂಚಿದರು. ಅನ್ನಿಸಿದ್ದನ್ನು ಬರೆದುಕೊಡಿ, ನಿಮ್ಮ ಹೆಸರೂ ಬೇಡ ಅಂದರು. ಡನ್, ಹಾಪ್ಕಿನ್ಸ್‌ರಂಥ ದೊಡ್ಡ ಇಂಗ್ಲಿಷ್ ಕವಿಗಳ ಕವಿತೆಗಳನ್ನೇ ಹಲವರು ತಳ್ಳಿಹಾಕಿದರು! 1929ರಲ್ಲಿ ರಿಚರ್ಡ್ಸ್ 13 ಕವಿತೆಗಳ ಜೊತೆ ಈ ಬರಹಗಳನ್ನೂ ಅಚ್ಚು ಹಾಕಿಸಿ, ಓದುಗರು ಎಲ್ಲೆಲ್ಲಿ ಎಡವುತ್ತಾರೆ ಅಂತ ಬಿಡಿಸಿ ತೋರಿಸಿದರು: ಒಬ್ಬರಿಗೆ ಸಾಲಿನ ನೇರ ಅರ್ಥವೇ ದಕ್ಕಿಲ್ಲ, ಇನ್ನೊಬ್ಬರಿಗೆ ಕವಿತೆಗಿಂತ ತಮ್ಮ ಸ್ವಂತ ನೆನಪೇ ಜಾಸ್ತಿ.

ವಿದ್ಯಾರ್ಥಿಯ ಬರಹವನ್ನು ಇಷ್ಟು ಗಂಭೀರವಾಗಿ ಓದಿದ್ದೇ ದೊಡ್ಡ ಸಂಗತಿ ಅಲ್ವಾ? ಆದರೆ ಮುಂದಿನವರು ಎತ್ತಿಕೊಂಡಿದ್ದು ಕವಿತೆಯನ್ನು ಮಾತ್ರ. ಅಮೆರಿಕದಲ್ಲಿ ವಿಮರ್ಶಕರಾದ ಬ್ರೂಕ್ಸ್ ಮತ್ತು ವಾರೆನ್ 1938ರಲ್ಲಿ ತಂದ ಪಠ್ಯಪುಸ್ತಕ ‘ಹೊಸ ವಿಮರ್ಶೆ’ಯನ್ನು, ಅಂದರೆ ಕವಿಯನ್ನು ಬಿಟ್ಟು ಕವಿತೆಯ ಮಾತುಗಳನ್ನೇ ಹತ್ತಿರದಿಂದ ಓದುವ ವಿಧಾನವನ್ನು, ಕ್ಲಾಸಿಗೆ ತಂದಿತು. ಎರಡನೇ ಮಹಾಯುದ್ಧದ ನಂತರ ಸರ್ಕಾರದ ನೆರವಿನಿಂದ ಮಾಜಿ ಸೈನಿಕರು ಕಾಲೇಜುಗಳಿಗೆ ತುಂಬಿಕೊಂಡಾಗ ಈ ವಿಧಾನ ಸಲೀಸಾಯಿತು. ಒಂದು ಪುಟದ ಕವಿತೆ, ಒಂದು ಪೀರಿಯಡ್, ಚರಿತ್ರೆ ಗೊತ್ತಿರಬೇಕಂತಲೂ ಇಲ್ಲ.

ಬರವಣಿಗೆಯ ಪಾಠ ಮಾತ್ರ ಬೇರೆ ಕೋಣೆಯಲ್ಲೇ ಉಳಿಯಿತು. ಹಾರ್ವರ್ಡ್‌ನಲ್ಲಿ 19ನೇ ಶತಮಾನದ ಕೊನೆಗೇ ಅದು ಕಡ್ಡಾಯವಾಗಿತ್ತು, ಆದರೆ ಮೇಷ್ಟ್ರ ಮುಖ್ಯ ಕೆಲಸ ಕಾಗುಣಿತ, ವ್ಯಾಕರಣ ತಿದ್ದೋದು. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ ಹೈಸ್ಕೂಲ್ ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. ಅಲ್ಲಿ ಕಲಿಸುತ್ತಿದ್ದ ಮೀನಾ ಶಾನೆಸ್ಸಿ ಸುಮಾರು 4,000 ಪ್ರವೇಶ ಪ್ರಬಂಧಗಳನ್ನು ಕೂತು ಓದಿದರು. 1977ರಲ್ಲಿ ಅವರು ಹೇಳಿದ್ದು ಇಷ್ಟು: ತಪ್ಪುಗಳು ಸುಮ್ನೆ ಆಗಿದ್ದಲ್ಲ, ಅವುಗಳಿಗೂ ಒಂದು ಲೆಕ್ಕಾಚಾರ ಇದೆ. ಎಲ್ಲೋ ಕಲಿತ ನಿಯಮವನ್ನು ಬೇಡದ ಕಡೆಯೂ ಹಚ್ಚಿರುತ್ತಾರೆ. ಕಾಲೇಜಿನ ಭಾಷೆ ಹೀಗಿರಬೇಕೇನೋ ಅಂತ ಊಹಿಸಿ ವಾಕ್ಯವನ್ನು ಉದ್ದಕ್ಕೆ ಎಳೆದು, ಅರ್ಧದಲ್ಲಿ ದಾರಿ ತಪ್ಪಿರುತ್ತಾರೆ. ನನ್ನ ಪ್ರಕಾರ ರಿಚರ್ಡ್ಸ್ ಬಿಟ್ಟ ಎಳೆಯನ್ನು ನಿಜವಾಗಿ ಹಿಡಿದವರು ಇವರೇ.

ಆ ಹೊತ್ತಿಗೆ ಹೇಗೆ ಓದಬೇಕು ಅನ್ನೋದಕ್ಕಿಂತ ಏನನ್ನು ಓದಬೇಕು ಅನ್ನೋದೇ ಜಗಳದ ವಿಷಯವಾಗಿತ್ತು. 1968ರಲ್ಲಿ ಕೀನ್ಯಾದ ನೈರೋಬಿ ವಿಶ್ವವಿದ್ಯಾಲಯದಲ್ಲಿ ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಮತ್ತು ಇಬ್ಬರು ಸಹೋದ್ಯೋಗಿಗಳು ಇಂಗ್ಲಿಷ್ ವಿಭಾಗವನ್ನೇ ತೆಗೆದು ಆಫ್ರಿಕಾದ ಸಾಹಿತ್ಯವನ್ನು ನಡುವೆ ಇಡಿ ಅಂದರು. ವಿದ್ಯಾರ್ಥಿಯನ್ನು ಖಾಲಿ ಖಾತೆ ಅಂದುಕೊಂಡು ವಿದ್ಯೆ ಜಮಾ ಮಾಡಬೇಡಿ ಅಂತ ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರಿ ಹೇಳಿದ್ದೂ ಆಗಲೇ. ಯಾವ ಪುಸ್ತಕ ಪಠ್ಯವಾಗಬೇಕು ಅನ್ನೋ ಜಗಳ ಆಮೇಲೆ ದಶಕಗಟ್ಟಲೆ ನಡೆಯಿತು.

ಕೆಲಸ ಹಂಚೋ ರೀತಿ ಮಾತ್ರ ಅಷ್ಟಾಗಿ ಬದಲಾಗಲಿಲ್ಲ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯದ ಸೆಮಿನಾರು ಕಾಯಂ ಪ್ರಾಧ್ಯಾಪಕರದ್ದು. ಮೊದಲ ವರ್ಷದವರ ಪ್ರಬಂಧಗಳ ಕಟ್ಟು ಇವತ್ತಿಗೂ ಸಂಶೋಧನಾ ವಿದ್ಯಾರ್ಥಿಗಳ ಮತ್ತು ತಾತ್ಕಾಲಿಕ ಉಪನ್ಯಾಸಕರ ಪಾಲಿಗೇ ಬರುತ್ತದೆ.