ಬಿಳಿ ಎಲೆಗೂ ಹೊಟ್ಟೆಯಿದೆ

ಕಳೆದ ವಾರ ಒಬ್ಬರು ಸ್ಕೂಟರಿನಲ್ಲಿ ಕಾಲ ಹತ್ತಿರ ಕುಂಡ ಇಟ್ಟುಕೊಂಡು ನಮ್ಮ ನರ್ಸರಿಗೆ ಬಂದರು. "ಸಾರ್, ನೀವು ಕೊಟ್ಟಿದ್ದು ಬಿಳಿ ಗಿಡ. ಈಗ ನೋಡಿ, ಬರೀ ಹಸಿರು!" ಅರ್ಧ ತಮಾಷೆ, ಅರ್ಧ ಅನುಮಾನ. ಗಿಡ ಮಾರ್ಬಲ್ ಕ್ವೀನ್, ಹಸಿರೆಲೆಯಲ್ಲಿ ಬಿಳಿ ಮಚ್ಚೆ ಇರುವ ಮನಿಪ್ಲಾಂಟ್. ಎಲ್ಲಿ ಇಟ್ಟಿದ್ರಿ ಅಮ್ಮಾ ಎಂದೆ. ಟಿವಿ ಪಕ್ಕದ ಮೂಲೆಯಲ್ಲಂತೆ.

ಅಲ್ಲಿಗೆ ಅರ್ಧ ಉತ್ತರ ಸಿಕ್ಕಂತಾಯಿತು. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಡುಗೆಯೆಲ್ಲ ಹಸಿರು ಭಾಗದ್ದು. ಬಿಳಿಯದು ಕೂತು ಉಣ್ಣುವ ನೆಂಟನ ಪಾತ್ರ. ಮೂಲೆಯ ಮಬ್ಬಿನಲ್ಲಿ ಹಸಿರಿನ ದುಡಿಮೆ ಇಡೀ ಗಿಡಕ್ಕೆ ಸಾಲದು. ಆಗ ಹೊಸ ಎಲೆಗಳು ಹಸಿರಾಗುತ್ತಾ ಬರುತ್ತವೆ. ನಮಗೆ ಅಂದ ಹೋಯಿತು, ಗಿಡಕ್ಕೆ ಜೀವ ಉಳಿಯಿತು.

ಮನಿಪ್ಲಾಂಟಿನ ತವರು ಪಾಲಿನೇಷ್ಯಾದ ಮೊರೆಯಾ ದ್ವೀಪ. ಅಲ್ಲಿನ ಕಾಡಿನಲ್ಲಿ ಮರ ಹತ್ತಿ, ಕೊಂಬೆಗಳ ಸಂದಿಯಿಂದ ಸೋಸಿ ಬರುವ ಬೆಳಕು ಕುಡಿದು ಬೆಳೆಯುವ ಬಳ್ಳಿ ಅದು. ನಮ್ಮಲ್ಲೂ ತೆಂಗಿನ ಮರಕ್ಕೆ ಹಬ್ಬಿಸಿದರೆ ಎಲೆ ಮೊರದಗಲ ಆಗುತ್ತದಲ್ಲ! "ನೆರಳಿನ ಗಿಡ" ಎನ್ನುವ ಮಾತನ್ನು ನಾವು ಮಾರುವವರೇ ಹಬ್ಬಿಸಿದ್ದು. ಅದನ್ನು ಕತ್ತಲೆಯ ಗಿಡ ಎಂದು ಕೇಳಿಸಿಕೊಂಡವರೇ ಹೆಚ್ಚು.

ಪೂರ್ವದ ಕಿಟಕಿ ಸಿಕ್ಕರೆ ಬೇರೆ ಯೋಚನೆ ಬೇಡ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದರೂ ಅಡ್ಡಿಯಿಲ್ಲ. ಪಶ್ಚಿಮದ ಕಿಟಕಿಯಾದರೆ ತೆಳು ಪರದೆ ಬೇಕು. ಮಧ್ಯಾಹ್ನದ ಬಿಸಿಲಿಗೆ ಮೊದಲು ಸುಡುವುದೇ ಬಿಳಿ ಭಾಗ, ಹಪ್ಪಳದಂತೆ ಕಂದಾಗುತ್ತದೆ. ಬೆಳಕು ಸಾಕೋ ಎಂದು ನೋಡಲು ಗಿಡದ ಮೇಲೆ ಅಂಗೈ ಹಿಡಿಯಿರಿ. ಅಂಚು ಮಸುಕಾದ ನೆರಳು ಬಿದ್ದರೆ ಸರಿ, ನೆರಳೇ ಬೀಳದಿದ್ದರೆ ಜಾಗ ಬದಲಿಸಿ.

ನೀರಿಗೆ ವಾರದ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ತೇವ ಅಂಟಿದರೆ ಸುಮ್ಮನಿರಿ. ಈ ಗಿಡ ನಿಧಾನಕ್ಕೆ ಬೆಳೆಯುವುದರಿಂದ ಕುಡಿಯುವುದೂ ನಿಧಾನ. ಮಳೆಗಾಲದಲ್ಲಂತೂ ಹತ್ತು ಹನ್ನೆರಡು ದಿನ ಕೇಳದೆ ಇರಬಹುದು. ನನ್ನ ಬಳಿ ಬರುವ ಸತ್ತ ಗಿಡಗಳಲ್ಲಿ ಬಾಯಾರಿ ಸತ್ತದ್ದು ಅಪರೂಪ, ಬೇರು ಕೊಳೆತು ಸತ್ತದ್ದೇ ಜಾಸ್ತಿ. ಮಣ್ಣಿಗೆ ಕೊಕೊಪೀಟ್ ಎನ್ನುವ ತೆಂಗಿನ ನಾರಿನ ಪುಡಿ, ಪರ್ಲೈಟ್ ಎನ್ನುವ ಹಗುರ ಬಿಳಿ ಕಲ್ಲಿನ ಕಾಳು, ಒಂದು ಹಿಡಿ ಇದ್ದಿಲ ಚೂರು ಬೆರೆಸಿದರೆ ನೀರು ನಿಲ್ಲುವುದಿಲ್ಲ. ಗೊಬ್ಬರ ತೆಳುವಾಗಿ, ತಿಂಗಳಿಗೊಮ್ಮೆ ಸಾಕು.

ಇನ್ನು ಕತ್ತರಿ. ಪೂರ್ತಿ ಹಸಿರಾದ ಬಳ್ಳಿ ಮಚ್ಚೆಯ ಬಳ್ಳಿಗಿಂತ ಜೋರಾಗಿ ಓಡುತ್ತದೆ, ಬಿಟ್ಟರೆ ಕುಂಡವನ್ನೇ ಆಳುತ್ತದೆ. ಆ ಅಮ್ಮನ ಗಿಡವನ್ನು ಮೇಜಿನ ಮೇಲೆ ಮಲಗಿಸಿ ಎಲೆ ಬಿಟ್ಟು ಕಾಂಡ ನೋಡಲು ಹೇಳಿದೆ. ಬುಡದಿಂದ ನಾಲ್ಕನೇ ಗೆಣ್ಣಿನವರೆಗೆ ತೊಗಟೆಯಲ್ಲಿ ಕೆನೆಬಣ್ಣದ ಸಣ್ಣ ಗೆರೆ ಓಡಿತ್ತು, ಆಮೇಲೆ ಮಾಯ. ಗೆರೆ ಇನ್ನೂ ಇರುವ ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದೆ. ಅಲ್ಲಿ ಒಡೆಯುವ ಮೊಗ್ಗಿಗೆ ಮಚ್ಚೆ ಬರುವ ಅವಕಾಶ ಹೆಚ್ಚು, ಖಾತರಿ ಅಂತ ಮಾತ್ರ ಹೇಳಲಾರೆ. ಸಾವಿರಾರು ರೂಪಾಯಿಯ ಬಿಳಿ ಮಚ್ಚೆಯ ಮಾನ್‌ಸ್ಟೆರಾ (ಸೀಳು ಎಲೆಯ ಇನ್ನೊಂದು ಬಳ್ಳಿ) ತುಂಡು ಕೊಳ್ಳುವವರೂ ಎಲೆಗೆ ಮರುಳಾಗದೆ ಈ ಗೆರೆಯನ್ನೇ ನೋಡಬೇಕು. ಗೆಣ್ಣೇ ಇಲ್ಲದ ಎಲೆ ಬೇರು ಬಿಟ್ಟರೂ ಗಿಡವಾಗದು. ಪೂರ್ತಿ ಬಿಳಿಯ ಚಿಗುರು ತಾನೇ ದುಡಿಯಲಾರದೆ ಸಾಯುತ್ತದೆ.

ಕತ್ತರಿಸಿದ ಮೇಲೆ ಕೈ ತೊಳೆಯಿರಿ. ಈ ಜಾತಿಯ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಬಾಯಿಗೆ ಹೋದರೆ ಸುವರ್ಣಗೆಡ್ಡೆಯ ತುರಿಕೆಯೇ. ಮಗು, ಬೆಕ್ಕು ಇರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಲಿ.

ಕತ್ತರಿಸಿದ ಹಸಿರು ಬಳ್ಳಿಯನ್ನು ಬುಟ್ಟಿಗೆ ಹಾಕಲು ಹೋದೆ, ಅಮ್ಮ ಬಿಡಲಿಲ್ಲ. ನೀರಿನ ಬಾಟಲಿಗೆ ಇಳಿಸಿಕೊಂಡು ಹೊರಟರು. ಟಿವಿ ಪಕ್ಕದ ಮೂಲೆಗೆ ಅದೇ ಸರಿ.