ಮುಟ್ಟು ನಿಂತ ಮೇಲೆ ಹಾರ್ಮೋನ್: ಯಾರಿಗೆ, ಯಾವಾಗ, ಯಾವ ರೂಪದಲ್ಲಿ

ಮುಟ್ಟು ನಿಂತ ಮೇಲೆ ಕಾಡುವ ಮೈಬಿಸಿ, ಬೆವರಿಗೆ ಕೊಡುವ ಹಾರ್ಮೋನ್ ಮಾತ್ರೆ ಅಂದ ತಕ್ಷಣ ನಮ್ಮ ಮಂಡ್ಯ ಕಡೆ ಹೆಂಗಸರ ಬಾಯಲ್ಲಿ ಬರುವ ಮೊದಲ ಮಾತು "ಬ್ಯಾಡ ಕಣಕ್ಕ, ಕ್ಯಾನ್ಸರ್ ಬತ್ತದಂತೆ". ಗದ್ದೆ ಕೆಲಸಕ್ಕೆ ಹೋಗುವವರೂ ಇದನ್ನೇ ಹೇಳುತ್ತಾರೆ, ಕಾಲೇಜಿನಲ್ಲಿ ಪಾಠ ಮಾಡುವವರೂ ಇದನ್ನೇ ಹೇಳುತ್ತಾರೆ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಅದು ಶುರುವಾದ ತಿಂಗಳನ್ನೂ ಹೇಳಬಹುದು: 2002ರ ಜುಲೈ.

ಆ ತಿಂಗಳು ಅಮೆರಿಕದಲ್ಲಿ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಅದರಲ್ಲಿ 16,608 ಹೆಂಗಸರಿದ್ದರು. ಅರ್ಧದಷ್ಟು ಜನಕ್ಕೆ ಈಸ್ಟ್ರೊಜೆನ್ (ಅಂಡಾಶಯದಲ್ಲಿ ತಯಾರಾಗುವ, ಮುಟ್ಟು ನಿಂತ ಮೇಲೆ ಇಳಿದುಹೋಗುವ ಹಾರ್ಮೋನ್) ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಸೇರಿದ ಮಾತ್ರೆ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. ಹಾರ್ಮೋನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಶೇ. 26ರಷ್ಟು ಜಾಸ್ತಿ ಎಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಡಾಕ್ಟರುಗಳು ಬರೆಯುವುದನ್ನು ನಿಲ್ಲಿಸಿದರು, ನುಂಗುತ್ತಿದ್ದವರು ಮಾತ್ರೆ ಎಸೆದರು.

ಶೇ. 26 ಅಂದರೆ ಎಷ್ಟು ಜನ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ಒಂದು ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ತೆಗೆದುಕೊಂಡ 10,000 ಮಂದಿಯಲ್ಲಿ 38 ಜನಕ್ಕೆ ಬಂತು. ಅಂದರೆ ಹತ್ತು ಸಾವಿರಕ್ಕೆ ಎಂಟು ಜಾಸ್ತಿ. ಆ ಎಂಟು ಹೆಂಗಸರೂ ಲೆಕ್ಕಕ್ಕೆ ಬೇಕು, ಅಪಾಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಮನಸ್ಸಿನಲ್ಲಿ ಕೂತಿರುವುದು ಎಂಟಲ್ಲ, "ತಗೊಂಡರೆ ಬಂದೇ ಬರುತ್ತೆ" ಅನ್ನೋದು.

ಇನ್ನೂ ದೊಡ್ಡ ವಿಷಯ ವಯಸ್ಸು. ಆ ಅಧ್ಯಯನಕ್ಕೆ ಸೇರಿದವರ ಸರಾಸರಿ ವಯಸ್ಸು 63. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸುಮಾರು 46-47ಕ್ಕೆ. ಮೈ ಉರಿದು ನಿದ್ದೆ ಬಾರದೆ ಒದ್ದಾಡುವ 48ರ ಹೆಂಗಸಿಗೂ, ಮುಟ್ಟು ನಿಂತು ಎಷ್ಟೋ ವರ್ಷ ಕಳೆದು ಮೊದಲ ಸಲ ಹಾರ್ಮೋನ್ ಶುರು ಮಾಡಿದ 65ರ ಅಜ್ಜಿಗೂ ಒಂದೇ ಲೆಕ್ಕ ಹಾಕಿದರೆ ಹೇಗೆ ಅಲ್ವಾ? ಆಮೇಲೆ ಅದೇ ಅಂಕಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, 60ರೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ, ಲಾಭವೇ ಹೆಚ್ಚು ಎಂಬ ಅಭಿಪ್ರಾಯಕ್ಕೆ ತಜ್ಞರು ಬಂದರು. 2017ರಲ್ಲಿ ಅದೇ ಹೆಂಗಸರ 18 ವರ್ಷಗಳ ಲೆಕ್ಕ ಹೊರಬಂತು: ಒಟ್ಟು ಸಾವಿನ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಔಷಧಿಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ (ಗಂಭೀರ ಅಪಾಯಕ್ಕೆ ಮಾತ್ರ ಹಾಕುವಂಥದ್ದು) ಬಹುಭಾಗವನ್ನು ತೆಗೆಯಲು ಹೇಳಿತು. ಇಪ್ಪತ್ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟು ಹೆಂಗಸರು ಸುಮ್ಮನೆ ಸಹಿಸಿಕೊಂಡರೋ ಅಂತ ನೆನೆದರೆ ಸಂಕಟವಾಗುತ್ತದೆ.

ಸಹಿಸಿಕೊಂಡಿದ್ದಾದರೂ ಏನನ್ನು? ಡಿಸೆಂಬರ್ ಚಳಿಯಲ್ಲಿ ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿರುವಾಗ ಒಬ್ಬಳೇ ಎದ್ದು ಫ್ಯಾನ್ ಹಾಕಿಕೊಳ್ಳುವುದನ್ನು. ಎದೆಯಿಂದ ಒಂದು ಬಿಸಿ ಎದ್ದು ಕುತ್ತಿಗೆ, ಮುಖಕ್ಕೆ ಹತ್ತುತ್ತದೆ, ಎದೆ ಡವಡವ ಅನ್ನುತ್ತದೆ, ಎರಡು ಮೂರು ನಿಮಿಷದಲ್ಲಿ ರವಿಕೆ ಬೆವರಲ್ಲಿ ನೆನೆದು ಆಮೇಲೆ ಮೈ ಚಳಿ ಹಿಡಿದ ಹಾಗೆ ನಡುಗುತ್ತದೆ. ನಮ್ಮಲ್ಲಿ ಇದಕ್ಕೆ 'ಉಷ್ಣ' ಅಂದುಬಿಡುತ್ತೇವೆ. ಕಾಮಕಸ್ತೂರಿ ಬೀಜದ ನೀರು, ಮಜ್ಜಿಗೆ, ತಲೆಗೆ ಹರಳೆಣ್ಣೆ. ಕುಡಿಯಲಿ, ಹಚ್ಚಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಈ ಬಿಸಿ ಹೊಟ್ಟೆಯಲ್ಲಿ ಹುಟ್ಟುವುದಲ್ಲ, ಮಿದುಳಿನಲ್ಲಿ ಹುಟ್ಟುವುದು.

ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಅಂತ ಒಂದು ಪುಟ್ಟ ಭಾಗ ಇದೆ. ಮೈಯ ಶಾಖ ನೋಡಿಕೊಳ್ಳುವುದು ಅದರ ಕೆಲಸ. ಅಮೆರಿಕದ ಅರಿಜೋನಾದಲ್ಲಿ ನೇಯೋಮಿ ರಾನ್ಸ್ ಎಂಬ ವಿಜ್ಞಾನಿ, ತೀರಿಕೊಂಡ ಹೆಂಗಸರ ಮಿದುಳುಗಳನ್ನು ಪರೀಕ್ಷಿಸುವಾಗ ಒಂದು ವಿಚಿತ್ರ ಕಂಡರು. ಮುಟ್ಟು ನಿಂತವರಲ್ಲಿ ಅಲ್ಲಿನ ಕೆಲವು ನರಕೋಶಗಳು ಊದಿಕೊಂಡು ದೊಡ್ಡದಾಗಿದ್ದವು. ಈಸ್ಟ್ರೊಜೆನ್ ಇದ್ದಾಗ ಈ ಕೋಶಗಳು ಹತೋಟಿಯಲ್ಲಿರುತ್ತವೆ. ಅದು ಕಡಿಮೆಯಾದಾಗ ಲಂಗುಲಗಾಮಿಲ್ಲದೆ ಸಂದೇಶ ಕಳಿಸುತ್ತವೆ. ಆಗ ಶಾಖ ಒಂದು ಚೂರು ಏರಿದರೂ ಮಿದುಳು "ಮೈ ಕಾದಿದೆ, ತಣ್ಣಗೆ ಮಾಡು" ಅಂತ ರಕ್ತನಾಳ ಹಿಗ್ಗಿಸಿ ಬೆವರು ಸುರಿಸುತ್ತದೆ. ಈ ದಾರಿ ಗೊತ್ತಾದ ಮೇಲೆ, ಹಾರ್ಮೋನ್ ಅಲ್ಲದೆಯೇ ಆ ಸಂದೇಶವನ್ನು ತಡೆಯುವ ಫೆಜೋಲಿನೆಟಂಟ್ ಎಂಬ ಮಾತ್ರೆ ಬಂತು. 2023ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದನ್ನು ತೆಗೆದುಕೊಳ್ಳುವವರು ಲಿವರ್ ಪರೀಕ್ಷೆ ಮಾಡಿಸುತ್ತಾ ಇರಬೇಕು.

ಬಿಸಿ, ಬೆವರಿಗೆ ಇವತ್ತಿಗೂ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಈಸ್ಟ್ರೊಜೆನ್ನೇ. ಹತ್ತು ಸಲ ಬರುತ್ತಿದ್ದದ್ದು ಎರಡು ಮೂರು ಸಲಕ್ಕೆ ಇಳಿಯುವಷ್ಟು ಗುಣ ಕಾಣುತ್ತದೆ. ಮೂಳೆ ಸವೆಯುವುದನ್ನೂ ತಡೆಯುತ್ತದೆ. ರಾಗಿಮುದ್ದೆಯಲ್ಲಿ ಕ್ಯಾಲ್ಸಿಯಂ ಒಳ್ಳೆಯದಾಗಿಯೇ ಇದೆ, ಆದರೆ ಈಸ್ಟ್ರೊಜೆನ್ ಇಳಿದ ಮೇಲೆ ಮೂಳೆ ಕರಗುವ ವೇಗವನ್ನು ಮುದ್ದೆಯೊಂದೇ ತಡೆಯಲಾರದು.

ಡಾಕ್ಟರು ಮೊದಲು ಕೇಳಬೇಕಾದ ಪ್ರಶ್ನೆ, ಗರ್ಭಕೋಶ ಇದೆಯಾ ತೆಗೆಸಿದ್ದೀರಾ ಅಂತ. ಗರ್ಭಕೋಶ ಇದ್ದವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಟ್ಟರೆ ಒಳಪದರ ದಪ್ಪವಾಗುತ್ತಾ ಹೋಗಿ ಅಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ಜಾಸ್ತಿ. 1975ರ ಹೊತ್ತಿಗೇ ಇದು ಗೊತ್ತಾಗಿತ್ತು. ಹಾಗಾಗಿ ಜೊತೆಗೆ ಒಳಪದರ ದಪ್ಪವಾಗದಂತೆ ತಡೆಯುವ ಪ್ರೊಜೆಸ್ಟೆರಾನ್ (ಮೇಲೆ ಹೇಳಿದ ಪ್ರೊಜೆಸ್ಟಿನ್ ಇದೇ ಬಗೆಯದು) ಬೇಕೇ ಬೇಕು. ಅದನ್ನು ರಾತ್ರಿ ಮಲಗುವಾಗ ತೆಗೆದುಕೊಂಡರೆ ಕೆಲವರಿಗೆ ನಿದ್ದೆಯೂ ಚೆನ್ನಾಗಿ ಬರುತ್ತದೆ. ಗರ್ಭಕೋಶ ತೆಗೆಸಿದವರಿಗೆ ಈಸ್ಟ್ರೊಜೆನ್ ಒಂದೇ ಸಾಕು. ಅದೇ ಅಮೆರಿಕದ ಅಧ್ಯಯನದಲ್ಲಿ ಬರೀ ಈಸ್ಟ್ರೊಜೆನ್ ತೆಗೆದುಕೊಂಡವರ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಆದರೆ ಪಾರ್ಶ್ವವಾಯು ಹೆಚ್ಚಿತ್ತು. ನಮ್ಮ ಹಳ್ಳಿಗಳಲ್ಲಿ ಮೂವತ್ತೈದು, ನಲವತ್ತಕ್ಕೇ ಗರ್ಭಕೋಶದ ಆಪರೇಷನ್ ಮಾಡಿಸಿಕೊಂಡವರು ಎಷ್ಟೋ ಮಂದಿ ಇದ್ದಾರೆ. ಅಂಡಾಶಯವನ್ನೂ ತೆಗೆದಿದ್ದರೆ ಈಸ್ಟ್ರೊಜೆನ್ ಒಂದೆರಡು ದಿನದಲ್ಲೇ ಬಿದ್ದುಹೋಗುತ್ತದೆ. ಅಂಥವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕು ಅಂತ ವೈದ್ಯಶಾಸ್ತ್ರವೇ ಹೇಳುತ್ತದೆ. ಆದರೂ ಆಪರೇಷನ್ ಚೀಟಿ ಕೊಟ್ಟು ಕಳಿಸುವಾಗ ಇದನ್ನು ಹೇಳುವವರು ಕಡಿಮೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಎರಡನೆಯದು ರೂಪ. ಮಾತ್ರೆ ನುಂಗಿದರೆ ಹಾರ್ಮೋನ್ ಮೊದಲು ಲಿವರ್‌ಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೆಚ್ಚುತ್ತವೆ. ತೋಳಿಗೋ ತೊಡೆಗೋ ಹಚ್ಚುವ ಜೆಲ್, ಚರ್ಮಕ್ಕೆ ಅಂಟಿಸುವ ಪಟ್ಟಿ ಈ ದಾರಿ ಹಿಡಿಯುವುದಿಲ್ಲ, ನೇರ ರಕ್ತಕ್ಕೆ ಸೇರುತ್ತವೆ. ದಪ್ಪ ಇರುವವರಿಗೆ, ಬಿಪಿ ಇರುವವರಿಗೆ ಡಾಕ್ಟರುಗಳು ಜೆಲ್ ಕಡೆ ವಾಲುವುದು ಇದಕ್ಕೇ.

ಮೂರನೆಯದು ಯೋನಿ ಒಣಗುವುದು, ಅದರ ಬಗ್ಗೆ ಮಾತಾಡುವುದಕ್ಕೇ ನಮ್ಮ ಹೆಂಗಸರು ನಾಚಿಕೊಳ್ಳುತ್ತಾರೆ. ನಮ್ಮ ಬೀದಿಯ ಒಬ್ಬರಿಗೆ ಐವತ್ತೆರಡು ದಾಟಿದ ಮೇಲೆ ಪದೇ ಪದೇ ಉರಿಮೂತ್ರ. ಪ್ರತಿ ಸಲವೂ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್, ಒಂದು ವಾರ ಪರವಾಗಿಲ್ಲ, ಮತ್ತೆ ಅದೇ ಉರಿ. ಗಂಡನ ಹತ್ತಿರ ಮಲಗಲು ಹೆದರಿಕೆ, ಅದನ್ನು ಹೇಳಲು ನಾಚಿಕೆ. ಕೊನೆಗೆ ಒಬ್ಬ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಈಸ್ಟ್ರೊಜೆನ್ ಇಲ್ಲದೆ ಯೋನಿಯ ಪದರ ತೆಳುವಾಗಿ ಒಣಗಿದೆ, ಸೋಂಕು ಅದಕ್ಕೇ ಸುಲಭವಾಗಿ ಹತ್ತುತ್ತಿದೆ ಅಂತ ಹೇಳಿ, ಒಳಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಬರೆದುಕೊಟ್ಟರು. ಮೊದಲು ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಕೆಲವು ತಿಂಗಳಲ್ಲಿ ಉರಿ ನಿಂತಿತು. ಈ ಕ್ರೀಮ್‌ನಿಂದ ರಕ್ತಕ್ಕೆ ಸೇರುವ ಹಾರ್ಮೋನ್ ತೀರಾ ಕಡಿಮೆ, 60 ದಾಟಿದವರೂ ಬಳಸಬಹುದು. ಮಿಕ್ಕ ತೊಂದರೆ ಕಾಲ ಕಳೆದಂತೆ ತಾನೇ ಇಳಿಯಬಹುದು, ಈ ಒಣಗುವಿಕೆ ಮಾತ್ರ ಸುಮ್ನೆ ಬಿಟ್ಟರೆ ಜಾಸ್ತಿಯಾಗುತ್ತದೆ.

ಹಾರ್ಮೋನ್ ಎಲ್ಲರಿಗೂ ಅಲ್ಲ. ಸ್ತನ ಕ್ಯಾನ್ಸರ್ ಆದವರು, ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ, ಪಾರ್ಶ್ವವಾಯು ಆದವರು, ಲಿವರ್ ಕೆಟ್ಟವರು ಮಾತ್ರೆ, ಜೆಲ್ ಶುರು ಮಾಡುವ ಹಾಗಿಲ್ಲ. ಅವರಿಗೆ ಬೇರೆ ಮಾತ್ರೆಗಳಿವೆ: ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್. ಹಾರ್ಮೋನಿನಷ್ಟು ಅಲ್ಲದಿದ್ದರೂ ಇವೂ ಬಿಸಿ ಇಳಿಸುತ್ತವೆ.

ಎಷ್ಟು ವರ್ಷ ಅನ್ನುವುದಕ್ಕೆ ಗಡುವಿಲ್ಲ. ಬಿಸಿ, ಬೆವರಿನ ಕಾಟ ಸರಾಸರಿ ಏಳು ವರ್ಷ ಇರುತ್ತದೆ. ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಬಿಪಿ ನೋಡಿಸಿ, ಬೇಕಾದಾಗ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಿ, ಮುಂದುವರಿಸಬೇಕಾ ಅಂತ ಕೂತು ಮಾತಾಡಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ಅದೇ ಮಾತ್ರೆ ಕೊಂಡು ತರುವುದು ಬೇಡ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ, ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಸ್ತ್ರೀರೋಗ ತಜ್ಞರಿದ್ದಾರೆ. ಹೆರಿಗೆಗೆ ಮಾತ್ರ ಹೋಗುವ ಜಾಗ ಅದು ಅಂದುಕೊಂಡು ಐವತ್ತರ ಹೆಂಗಸರು ಆ ಕಡೆ ತಲೆ ಹಾಕುವುದಿಲ್ಲ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಹಾರ್ಮೋನ್ ತೆಗೆದುಕೊಳ್ಳುತ್ತಿರಲಿ ಬಿಡಲಿ, "ಮತ್ತೆ ಮುಟ್ಟಾದೆ" ಅಂತ ನಕ್ಕು ಸುಮ್ಮನಾಗದೆ ಅದೇ ವಾರ ಹೋಗಿ ತೋರಿಸಿ.