ಹಳೇ ಗೋವಾದಲ್ಲಿ ಮೂಳೆಗೂ ಸರ್ಕಾರಿ ಕೆಲಸವಿತ್ತು

ಹುಬ್ಬಳ್ಳಿ, ಗದಗ, ದಾವಣಗೆರೆ ಕಡೆಯಿಂದ ಬರುವವರಿಗೆ ಹಳೇ ಗೋವಾ ತೋರಿಸುವುದು ನನ್ನ ಕೆಲಸ. ಬಾಂ ಜೀಸಸ್ ಬೆಸಿಲಿಕಾ ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಯಾರಾದರೂ ಪಿಸುಗುಟ್ಟುತ್ತಾರೆ: "ಅದು ಖರೇ ದೇಹ ಏನ್ರಿ? ಇನ್ನೂ ಕೊಳೆತಿಲ್ಲಂತಲ್ರಿ?"

ಖರೇನೇ, ಆದರೆ ಪೂರ್ತಿ ಇಲ್ಲ. ಅಲ್ಲಿರುವುದು ಕ್ರೈಸ್ತ ಧರ್ಮ ಪ್ರಚಾರಕ ಸಂತ ಫ್ರಾನ್ಸಿಸ್ ಝೇವಿಯರ್ ದೇಹ. ಅವರು ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು, ಚೀನಾ ಕರಾವಳಿಯ ಒಂದು ದ್ವೀಪದಲ್ಲಿ. ಮಾಂಸ ಬೇಗ ಕರಗಿ ಎಲುಬು ಸಾಗಿಸಲು ಸುಲಭವಾಗಲಿ ಎಂದು ಸುಣ್ಣ ಸುರಿದು ಹೂಳಿದ್ದರು. ಎರಡೂವರೆ ತಿಂಗಳ ನಂತರ ತೆಗೆದು ನೋಡಿದರೆ ದೇಹ ಹಾಗೇ ಇತ್ತಂತೆ. ಅದು ಮಲಾಕ್ಕಾ ದಾಟಿ 1554ರ ಮಾರ್ಚ್‌ನಲ್ಲಿ ಗೋವಾಕ್ಕೆ ಬಂತು. 1614ರಲ್ಲಿ ಬಲಗೈಯನ್ನು ಮೊಣಕೈ ಹತ್ತಿರ ಕತ್ತರಿಸಿ ರೋಮಿಗೆ ಕಳಿಸಿದರು. ಈಗ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಜನರ ದರ್ಶನಕ್ಕೆ ಪೆಟ್ಟಿಗೆ ಕೆಳಗಿಳಿಸುತ್ತಾರೆ. ಹಿಂದಿನ ಸಲ ಇಳಿಸಿದ್ದು 2024ರ ನವೆಂಬರ್‌ನಲ್ಲಿ.

ಕೊಳೆಯಿತೋ ಇಲ್ಲವೋ ಅನ್ನುವುದಕ್ಕಿಂತ, ಆ ದೇಹದಿಂದ ಆಗಿನ ಪೋರ್ಚುಗೀಸ್ ಸರ್ಕಾರ ಏನು ಕೆಲಸ ತೆಗೆಯಿತು ಅನ್ನುವುದೇ ನನಗೆ ಜಾಸ್ತಿ ಕುತೂಹಲ. 1683ರ ನವೆಂಬರ್‌ನಲ್ಲಿ ಸಂಭಾಜಿಯ ಸೈನ್ಯ ಪಕ್ಕದ ಜುವೆ ದ್ವೀಪ ಹಿಡಿಯಿತು. ಊರಿಗೂ ಶತ್ರುವಿಗೂ ನಡುವೆ ಇದ್ದದ್ದು ನದಿ ನೀರು ಮಾತ್ರ. ವೈಸ್‌ರಾಯ್ ಸೀದಾ ಸಂತನ ಸಮಾಧಿಗೆ ಹೋದ, ತನ್ನ ಅಧಿಕಾರದ ದಂಡವನ್ನು ಅಲ್ಲಿಟ್ಟು ಇನ್ನು ಊರು ಕಾಯುವುದು ನಿನ್ನ ಹೊಣೆ ಎಂದು ಬೇಡಿಕೊಂಡ. ಅಷ್ಟರಲ್ಲಿ ಔರಂಗಜೇಬನ ಮಗನ ದೊಡ್ಡ ಸೈನ್ಯ ಹತ್ತಿರ ಬಂತು, ಸಂಭಾಜಿ ಹಿಂದೆ ಸರಿಯಬೇಕಾಯಿತು. ಭಕ್ತರಿಗೆ ಇದು ಪವಾಡ. ನನ್ನ ಲೆಕ್ಕದಲ್ಲಿ ಅರ್ಧ ಶ್ರೇಯಸ್ಸಾದರೂ ಮೊಘಲರಿಗೆ ಸಲ್ಲಬೇಕು ಬಿಡಿ. ಆಮೇಲೆ ಹೊಸ ವೈಸ್‌ರಾಯ್‌ಗಳು ಸಂತನ ಸನ್ನಿಧಿಯಿಂದಲೇ ದಂಡ ತೆಗೆದುಕೊಳ್ಳುವ ರೂಢಿ ಬೆಳೆಯಿತು. ಇಲ್ಲಿನ ಜನ ಈ ಸಂತನನ್ನು 'ಗೋಂಯ್ಚೊ ಸಾಯ್ಬ್' ಅನ್ನುತ್ತಾರೆ, ಗೋವಾದ ಯಜಮಾನ ಅಂತ.

ಇದಕ್ಕಿಂತ ವಿಚಿತ್ರವಾದ ಕಥೆಗೆ ತೋರಿಸಲು ಒಂದು ಕಲ್ಲೂ ಉಳಿದಿಲ್ಲ. 1560ರಲ್ಲಿ ವೈಸ್‌ರಾಯ್ ಕಾನ್‌ಸ್ಟಾಂಟಿನೊ ದೆ ಬ್ರಗಾನ್ಸಾ ಜಾಫ್ನಾ ಮೇಲೆ ದಾಳಿ ಮಾಡಿ ಲೂಟಿ ತಂದ. ಅದರಲ್ಲಿ ಒಂದು ಹಲ್ಲು ಇತ್ತು. ಬುದ್ಧನ ಹಲ್ಲು ಎಂದು ಸುದ್ದಿ ಹಬ್ಬಿತು. ಬರ್ಮಾದ ಪೆಗು ರಾಜ ಬಯಿನ್ನೌಂಗ್ ಆಳು ಕಳಿಸಿದ: ಮೂರು-ನಾಲ್ಕು ಲಕ್ಷ ಕ್ರುಜಾಡೊ ಕೊಡುತ್ತೇನೆ, ಹಲ್ಲು ಕೊಡಿ. ಚಿನ್ನದ ನಾಣ್ಯದ ಮಾತು ಅದು. ಖಜಾನೆ ಬರಿದಾಗಿತ್ತು. ಸೇನಾಧಿಕಾರಿಗಳು "ಕೊಟ್ಟುಬಿಡೋಣ" ಅಂದರು. ಪಾದ್ರಿಗಳು ಒಪ್ಪಲಿಲ್ಲ, ವಿಗ್ರಹಾರಾಧನೆಗೆ ನೆರವಾದಂತೆ ಆಗುತ್ತದೆ ಅಂದರು. ಕೊನೆಗೆ ಆರ್ಚ್‌ಬಿಷಪ್ ಗಾಸ್ಪರ್ ಎಲ್ಲರೆದುರು ಹಲ್ಲನ್ನು ಒರಳಿಗೆ ಹಾಕಿ, ತಾನೇ ಕುಟ್ಟಿ ಪುಡಿ ಮಾಡಿದ. ಪುಡಿಯನ್ನು ಕೆಂಡದಲ್ಲಿ ಸುಟ್ಟು ಬೂದಿಯನ್ನು ನದಿಗೆ ಎಸೆದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಶ್ರೀಲಂಕಾದ ಕೋಟ್ಟೆ ರಾಜನಿಂದ ಪೆಗುವಿಗೆ "ನಿಜವಾದ" ಹಲ್ಲು ಹೋಯಿತು. ಆ ರಾಜ ಅಷ್ಟರಲ್ಲಾಗಲೇ ಕ್ರೈಸ್ತನಾಗಿದ್ದ! ಅದನ್ನು ಜಿಂಕೆ ಕೊಂಬಿನಿಂದ ಕೆತ್ತಿದ್ದೆಂದು ಪೋರ್ಚುಗೀಸ್ ಇತಿಹಾಸಕಾರ ದಿಯೊಗೊ ದೊ ಕೋಟೊ ವ್ಯಂಗ್ಯವಾಡಿದ್ದಾನೆ. ಕ್ಯಾಂಡಿ ರಾಜ ಸುಮ್ನೆ ಇರುತ್ತಾನಾ? ಅಸಲಿ ಹಲ್ಲು ನನ್ನ ಹತ್ತಿರ ಇದೆ ಅಂದ. ಕ್ಯಾಂಡಿಯ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಪೋರ್ಚುಗೀಸರ ಕೈಗೆ ಅಸಲಿ ಹಲ್ಲು ಸಿಕ್ಕೇ ಇರಲಿಲ್ಲ ಅನ್ನುವುದು ಅಲ್ಲಿಯವರ ನಂಬಿಕೆ. ಖಜಾನೆಗೆ ಬರಬೇಕಿದ್ದ ಚಿನ್ನ ಮಾತ್ರ ಬರಲಿಲ್ಲ, ಅಲ್ವಾ?

ಊಟದ ಹೊತ್ತಾಯಿತು ಎಂದು ಬಹಳ ಜನ ಸಂತ ಅಗಸ್ಟೀನ್ ಚರ್ಚಿನ ಗುಡ್ಡ ಹತ್ತುವುದಿಲ್ಲ. ಹತ್ತಿ. 46 ಮೀಟರ್ ಎತ್ತರದ ಒಂಟಿ ಗೋಪುರ, ಅದೂ ಅರ್ಧ ಬಿದ್ದದ್ದು. ಸುತ್ತ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆಗಳು. ಜಾರ್ಜಿಯಾದ ರಾಣಿ ಕೆಟೆವಾನ್ ಮತ ಬದಲಿಸಲು ಒಪ್ಪದ್ದಕ್ಕೆ ಪರ್ಷಿಯಾದ ಷಾ ಅಬ್ಬಾಸ್ 1624ರಲ್ಲಿ ಅವಳನ್ನು ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ. ಅಗಸ್ಟೀನಿಯನ್ ಪಾದ್ರಿಗಳು ಅವಳ ಮೂಳೆಗಳನ್ನು ತೆಗೆದುಕೊಂಡರು. ಒಂದು ಭಾಗ 1627ರಲ್ಲಿ ಇಲ್ಲಿಗೆ ಬಂತು. ಯಾವ ಕೋಣೆ, ಯಾವ ಕಿಟಕಿ ಹತ್ತಿರ ಇಟ್ಟೆವು ಎಂದು ಬರೆದೂ ಇಟ್ಟರು. ಆದರೆ 1842ರಲ್ಲಿ ಚರ್ಚಿನ ಚಾವಣಿ ಕುಸಿಯಿತು, ಎಲ್ಲ ಮಣ್ಣಾಯಿತು.

ಪುರಾತತ್ವ ಇಲಾಖೆ ಅಗೆದಾಗ ಒಂದು ತೋಳಿನ ಮೂಳೆ ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಡಿಎನ್‌ಎ ಹುಡುಕಿದರು. ಅದರಲ್ಲಿ ಸಿಕ್ಕ ಡಿಎನ್‌ಎ ಬಗೆ ಭಾರತದ 22,000ಕ್ಕೂ ಹೆಚ್ಚು ಜನರ ಮಾದರಿಗಳಲ್ಲಿ ಇರಲಿಲ್ಲ. ಜಾರ್ಜಿಯಾದ 30 ಮಾದರಿಗಳಲ್ಲಿ ಎರಡರಲ್ಲಿ ಇತ್ತು. ಹೆಸರು ಬರೆದಿಟ್ಟಷ್ಟು ಗಟ್ಟಿ ಪುರಾವೆ ಇದಲ್ಲ. ಆದರೂ ಹಳೇ ಕಾಗದ, ಸಿಕ್ಕ ಜಾಗ, ಡಿಎನ್‌ಎ ಮೂರೂ ಒಂದೇ ಕಡೆ ಕೈ ತೋರಿಸುತ್ತವೆ. ನನಗೆ ಅಷ್ಟು ಸಾಕು.

2021ರ ಜುಲೈನಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ಹೋಗಿ ಆ ಮೂಳೆಯ ಒಂದು ಭಾಗವನ್ನು ಜಾರ್ಜಿಯಾ ಸರ್ಕಾರಕ್ಕೆ ಉಡುಗೊರೆಯಾಗಿ ಕೊಟ್ಟರು. ಈ ಸಲ ಯಾರೂ ದುಡ್ಡಿನ ಮಾತೆತ್ತಲಿಲ್ಲ.